ಕಾಯಿಸಿ ಆರಿಸಿದ ನೀರು: ಮನೆಯಲ್ಲಿಯೇ ಮಾಡಬಹುದಾದ ತಾಮ್ರದ ಸುರುಳಿ

“ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ” ಎಂಬ ವೈದ್ಯರ ಮಾತನ್ನು ಕೇಳದವರಿಲ್ಲ. ಈ ಮಾತಿನಲ್ಲಿ ಎರಡು ಕೆಲಸಗಳು ಅಡಗಿವೆ: ಕಾಯಿಸುವುದು ಒಂದು, ಆರಿಸುವುದು ಇನ್ನೊಂದು. ಮೊದಲನೆಯದರ ವಿಷಯದಲ್ಲಿ ನಾವೆಲ್ಲರೂ ಸಾಕಷ್ಟು ಯೋಚಿಸಿದ್ದೇವೆ. ಒಲೆಯ ಆಕಾರವನ್ನು ಬದಲಾಯಿಸಿದ್ದೇವೆ, ಸೌದೆಯನ್ನು ಬಿಟ್ಟು ಗ್ಯಾಸನ್ನು ತಂದಿದ್ದೇವೆ. ಎರಡನೆಯದನ್ನು ಮಾತ್ರ ಗಾಳಿಗೂ ರಾತ್ರಿಗೂ ಒಪ್ಪಿಸಿ ಸುಮ್ಮನಾಗಿದ್ದೇವೆ. ನೀರನ್ನು ಕಾಯಿಸಿ ಕುಡಿಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ನಾಲ್ಕು ದಿನ ನಡೆದು ಐದನೆಯ ದಿನ ನಿಂತುಹೋಗುವುದು ಏತಕ್ಕೆ? ಬಿಸಿಲಿನಲ್ಲಿ ಬಾಯಾರಿ ಬಂದವನು ಬಿಸಿನೀರಿನ ಮುಂದೆ ಕಾದು ಕುಳಿತುಕೊಳ್ಳಲಾರನು ಎಂಬುದೇ ಅದಕ್ಕೆ ಮುಖ್ಯವಾದ ಕಾರಣ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾಘ ಮಾಸದಲ್ಲಿ ಮೈಲಾರದ ಜಾತ್ರೆಯೂ ಕೊಟ್ಟೂರಿನ ರಥೋತ್ಸವವೂ ಮುಗಿಯುವ ಹೊತ್ತಿಗೆ ಬಿಸಿಲು ಏರತೊಡಗುತ್ತದೆ; ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನದ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವೇನೂ ಅಲ್ಲ. ನೀರಿನ ಶುದ್ಧತೆಯೂ ಇಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ವಾಂತಿಭೇದಿಗೆ ತುತ್ತಾದರು; ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆದುದರಿಂದ ನೀರನ್ನು ಬೇಗನೆ ಆರಿಸುವ ಉಪಾಯವನ್ನು ಯೋಚಿಸುವುದು ಕಾಲಹರಣದ ವಿನೋದವಲ್ಲ.

ಉಪಾಯವೇನೋ ಹೊಸದಲ್ಲ. ಯೂರೋಪು ಅಮೆರಿಕಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವವರು ಮೊಳಕೆ ಬರಿಸಿದ ಬಾರ್ಲಿಯ ಸಾರವನ್ನು ಕುದಿಸಿ, ಯೀಸ್ಟನ್ನು ಸೇರಿಸುವ ಮುನ್ನ ಅದನ್ನು ಶೀಘ್ರವಾಗಿ ತಣಿಸಬೇಕಾಗುತ್ತದೆ. ಬೆಚ್ಚಗೆ ಬಹಳ ಹೊತ್ತು ನಿಂತರೆ ಬೇಡದ ಜೀವಾಣುಗಳು ಅದರಲ್ಲಿ ಸೇರಿ ಬೆಳೆಯುತ್ತವೆ. ಇದಕ್ಕಾಗಿ ಅವರು ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಕುದಿದ ದ್ರವದಲ್ಲಿ ಇಳಿಬಿಟ್ಟು, ಕೊಳವೆಯ ಒಳಗೆ ತಣ್ಣೀರನ್ನು ಹರಿಯಿಸುತ್ತಾರೆ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸಲು ಕಾನೂನಿನ ಸಮ್ಮತಿಯಿಲ್ಲ. ಆದರೆ ಅದೇ ಸುರುಳಿಯನ್ನು ಕುಡಿಯುವ ನೀರಿಗೆ ಬಳಸಲು ಯಾರ ಅಡ್ಡಿಯೂ ಇಲ್ಲ. ಶಾಖದ ಮೂಲಮಾನಕ್ಕೆ ಯಾರ ಹೆಸರನ್ನು ಇಟ್ಟಿದ್ದೇವೆಯೋ ಆ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889) ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕನೊಬ್ಬನ ಮಗನೆಂಬುದನ್ನು ಇಲ್ಲಿ ನೆನೆಯಬಹುದು.

ತಣಿಯುವುದೆಂದರೇನು?

ಬಿಸಿ ನೀರು ಆರಿತು ಎನ್ನುವಾಗ ಅದರ ಶಾಖ ನಾಶವಾಯಿತೆಂದು ನಾವು ಅರಿಯದೆಯೇ ಭಾವಿಸುತ್ತೇವೆ. ಶಾಖವು ನಾಶವಾಗುವುದಿಲ್ಲ, ಸ್ಥಳವನ್ನು ಬದಲಾಯಿಸುತ್ತದೆ, ಅಷ್ಟೆ. ಹೆಚ್ಚು ಉಷ್ಣತೆಯುಳ್ಳ ವಸ್ತುವಿನಿಂದ ಕಡಮೆ ಉಷ್ಣತೆಯುಳ್ಳ ವಸ್ತುವಿಗೆ ಅದು ಹರಿಯುತ್ತದೆ. ಹೀಗೆ ಹರಿಯುವ ವೇಗವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಎರಡು ವಸ್ತುಗಳ ಉಷ್ಣತೆಯ ಅಂತರ, ಅವು ಒಂದಕ್ಕೊಂದು ತಗಲುವ ವಿಸ್ತೀರ್ಣ ಮತ್ತು ನಡುವೆ ಇರುವ ತಡೆ. ಉಷ್ಣತೆಯ ಅಂತರಕ್ಕೂ ತಣಿಯುವ ವೇಗಕ್ಕೂ ಇರುವ ಸಂಬಂಧವನ್ನು ನ್ಯೂಟನ್ 1701ರಲ್ಲಿಯೇ ಪ್ರಕಟಿಸಿದ್ದನು.

ಈ ನಿಯಮದ ಒಂದು ಪರಿಣಾಮವನ್ನು ಗಮನಿಸತಕ್ಕದ್ದು. ಅಂತರವು 70 ಡಿಗ್ರಿಯಿಂದ 35ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ, 35ರಿಂದ ಹದಿನೇಳೂವರೆಗೆ ಇಳಿಯಲೂ ಅಷ್ಟೇ ಹೊತ್ತು ಬೇಕು; ಅಲ್ಲಿಂದ ಮುಂದಿನ ಅರ್ಧಕ್ಕೂ ಅಷ್ಟೇ. ಮೊದಲು ಬೇಗ ಬೇಗ ಆರುವ ನೀರು ಕೊನೆಗೆ ನಮ್ಮ ತಾಳ್ಮೆಯನ್ನು ಪರೀಕ್ಷಿಸುವುದು ಇದೇ ಕಾರಣದಿಂದ.

ಈಗ ಹತ್ತು ಲೀಟರ್ ನೀರನ್ನು ಕುದಿಸಿ, ಮುಚ್ಚಳ ಮುಚ್ಚಿ, ಮೂಲೆಯಲ್ಲಿ ಇಟ್ಟೆವೆನ್ನಿ. ನಮ್ಮ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು ಐನೂರು ಆರುನೂರು ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. ಸುತ್ತಲಿನ ಗಾಳಿ 28 ಡಿಗ್ರಿಯಲ್ಲಿದ್ದರೂ, ಅಷ್ಟು ನೀರು 37 ಡಿಗ್ರಿಗೆ ಇಳಿಯಲು ಲೆಕ್ಕದಂತೆ ಒಂಬತ್ತು ಹತ್ತು ಗಂಟೆಗಳಾದರೂ ಬೇಕು. ಗಾಳಿಯೇ 40 ಡಿಗ್ರಿಯಲ್ಲಿರುವ ಮಧ್ಯಾಹ್ನವಾದರೆ ಆ ನೀರು ಗಾಳಿಯೊಂದರಿಂದಲೇ ಎಂದಿಗೂ 37 ಡಿಗ್ರಿಗೆ ಬಾರದು. ಬೇಗ ಆರಲೆಂದು ಮುಚ್ಚಳ ತೆಗೆದರೆ ಧೂಳು, ನೊಣ, ಲೋಟ ಅದ್ದುವ ಕೈ ಇವೆಲ್ಲಕ್ಕೂ ಬಾಗಿಲು ತೆರೆದಂತಾಗುತ್ತದೆ. ಕುದಿಸಿ ಕೊಂದ ರೋಗಾಣುಗಳ ಸ್ಥಾನವನ್ನು ಹೊಸವು ಬಂದು ತುಂಬುವುದಾದರೆ ಕುದಿಸಿದ್ದರಿಂದ ಬಂದ ಪ್ರಯೋಜನವೇನು?

ಗಾಳಿಗಿಂತ ನೀರು ಶಾಖವನ್ನು ಎಷ್ಟೋ ಪಾಲು ಚೆನ್ನಾಗಿ ಒಯ್ಯಬಲ್ಲದು. ಮಧ್ಯಾಹ್ನದ ಗಾಳಿ 40 ಡಿಗ್ರಿಯಲ್ಲಿದ್ದರೂ ಆಗತಾನೆ ಬಾವಿಯಿಂದ ಸೇದಿದ ನೀರು ಸುಮಾರು 28 ಡಿಗ್ರಿಯಲ್ಲಿರುತ್ತದೆ. ಆ ನೀರನ್ನು ಕುದಿದ ನೀರಿನೊಂದಿಗೆ ಬೆರೆಸದೆ, ಆದರೆ ಅದಕ್ಕೆ ಅತಿ ಸಮೀಪದಲ್ಲಿ ಹರಿಯಿಸುವುದೇ ನಮ್ಮ ಸುರುಳಿಯ ಕೆಲಸ.

ಸುರುಳಿಯ ರಚನೆ

ಬೇಕಾದ ಸಾಮಗ್ರಿ ಬಹಳವಿಲ್ಲ. ಫ್ರಿಜ್ ದುರಸ್ತಿಗೆ ಬೇಕಾದ ಸಾಮಾನನ್ನು ಮಾರುವ ಅಂಗಡಿಗಳಲ್ಲಿ ಮೆತ್ತನೆಯ ತಾಮ್ರದ ಕೊಳವೆ ಸುತ್ತಿದ ರೂಪದಲ್ಲಿಯೇ ದೊರೆಯುತ್ತದೆ. ಅಂಗುಲದ ಎಂಟರಲ್ಲಿ ಮೂರು ಪಾಲು, ಎಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ಹೊರವ್ಯಾಸವುಳ್ಳ ಕೊಳವೆಯನ್ನು ಆರು ಮೀಟರ್ ಉದ್ದಕ್ಕೆ ಕೊಳ್ಳಬೇಕು. ಅದು ಹೊಸದಾಗಿರಬೇಕು, ಹಳೆಯ ಯಂತ್ರದಿಂದ ಬಿಚ್ಚಿದ ಕೊಳವೆ ಕುಡಿಯುವ ನೀರಿನ ಕೆಲಸಕ್ಕೆ ಸಲ್ಲದು. ಇದಲ್ಲದೆ ಬಿಸಿಯನ್ನು ತಾಳುವ ರಬ್ಬರ್ ನಳಿಕೆ ಎರಡು ತುಂಡು, ಅವನ್ನು ಬಿಗಿಯಲು ಕ್ಲಿಪ್ಪುಗಳು, ಕೆಳಭಾಗದಲ್ಲಿ ನಲ್ಲಿಯುಳ್ಳ ದೊಡ್ಡ ಡ್ರಮ್ಮು ಒಂದು, ಮತ್ತು ಹದಿನೈದು ಲೀಟರ್ ಹಿಡಿಯುವ ಸ್ಟೀಲಿನ ಪಾತ್ರೆ ಒಂದು ಬೇಕು.

ಸುಮಾರು ಹದಿನೆಂಟು ಸೆಂಟಿಮೀಟರ್ ವ್ಯಾಸವುಳ್ಳ ಗಟ್ಟಿಯಾದ ಡಬ್ಬಿಯನ್ನು ಅಚ್ಚಾಗಿ ಇಟ್ಟುಕೊಂಡು, ಕೊಳವೆಯನ್ನು ಅದರ ಸುತ್ತ ನಿಧಾನವಾಗಿ ಸುತ್ತಬೇಕು. ಎರಡು ತುದಿಗಳಲ್ಲಿ ಅರ್ಧರ್ಧ ಮೀಟರನ್ನು ಬಿಟ್ಟರೆ ಒಂಬತ್ತು ಸುತ್ತುಗಳಿಗಿಂತ ತುಸು ಕಡಮೆ ಬರುತ್ತವೆ. ಸುತ್ತುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಅರ್ಧ ಸೆಂಟಿಮೀಟರ್ ಅಂತರವಿರಲಿ. ಮುಟ್ಟಿದರೆ ಅಲ್ಲಿಯ ವಿಸ್ತೀರ್ಣ ವ್ಯರ್ಥವಾಗುತ್ತದೆ. ದೊಡ್ಡ ಸುತ್ತಿಗೆ ಕೈಬಲವೇ ಸಾಕು. ಆದರೆ ತುದಿಗಳನ್ನು ಮೇಲಕ್ಕೂ ಪಾತ್ರೆಯ ಅಂಚಿನಿಂದ ಹೊರಕ್ಕೂ ಬಾಗಿಸುವಲ್ಲಿ ಕೊಳವೆ ಚಪ್ಪಟೆಯಾಗಿ ಮುದುಡುವ ಸಂಭವವುಂಟು. ಆ ಭಾಗದೊಳಗೆ ಒಣಗಿದ ಪುಡಿಯುಪ್ಪನ್ನು ಕುಟ್ಟಿ ತುಂಬಿ, ತುದಿಯನ್ನು ಬೆಣೆಯಿಂದ ಮುಚ್ಚಿ, ಅನಂತರ ಬಾಗಿಸಬೇಕು. ಹಗರಿ ಹೊಳೆಯ ಜರಡಿ ಹಿಡಿದ ಮರಳೂ ಈ ಕೆಲಸಕ್ಕೆ ಬಂದೀತು. ಆದರೆ ಉಪ್ಪು ನೀರಿನಲ್ಲಿ ಕರಗಿ ತಾನಾಗಿಯೇ ಹೊರಬರುತ್ತದೆ, ಮರಳಿಗೆ ಆ ಗುಣವಿಲ್ಲ.

ಪಾತ್ರೆಯ ಒಳಗೆ ಎಲ್ಲಿಯೂ ಬೆಸುಗೆ ಇರಕೂಡದು. ಕೊಳವೆ ಒಂದೇ ತುಂಡಾಗಿರಬೇಕು. ರಬ್ಬರ್ ನಳಿಕೆಗಳ ಜೋಡಣೆ ಪಾತ್ರೆಯ ಅಂಚಿನಿಂದ ಹೊರಗೆ, ಅಂಚಿಗಿಂತ ಕೆಳಗೆ ಇರಬೇಕು. ಸುರುಳಿಯೊಳಗೆ ಹರಿಯುವುದು ಕುದಿಸದ ನೀರು ಎಂಬುದನ್ನು ಮರೆಯಬಾರದು. ಅದರ ಒಂದು ಹನಿಯೂ ಕುದಿದ ನೀರಿಗೆ ಸೇರಕೂಡದು. ಸೋರಿಕೆಯನ್ನು ಪರೀಕ್ಷಿಸಲು ಒಂದು ತುದಿಯನ್ನು ಮುಚ್ಚಿ, ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ಸೈಕಲ್ಲಿನ ಟ್ಯೂಬಿನ ತೂತನ್ನು ಹುಡುಕುವವನಂತೆ ಗುಳ್ಳೆಗಳನ್ನು ನೋಡಿದರೆ ಸಾಕು.

ಹೊಸ ಕೊಳವೆಗೆ ಎಣ್ಣೆಯ ಜಿಡ್ಡು ಇರುತ್ತದೆ. ಸೋಪಿನಿಂದಲೂ ಬಳಿಕ ಹುಣಸೆಹಣ್ಣಿನಿಂದಲೂ ಉಜ್ಜಿ ತೊಳೆದು, ಮೊದಲ ಸಲ ಸುರುಳಿಯೊಂದಿಗೆ ಕುದಿಸಿದ ನೀರನ್ನು ಚೆಲ್ಲಿಬಿಡಬೇಕು.

ಬಳಸುವ ಕ್ರಮ

ಪಾತ್ರೆಯಲ್ಲಿ ಹತ್ತು ಲೀಟರ್ ನೀರನ್ನು ಕುದಿಗೆ ತಂದ ಮೇಲೆ, ಒಳಗೆ ಒಣಗಿರುವ ಸುರುಳಿಯನ್ನು ಅದರಲ್ಲಿ ಇಳಿಬಿಟ್ಟು ಇನ್ನೂ ಹತ್ತು ನಿಮಿಷ ಕುದಿಸಬೇಕು. ಇದರಿಂದ ಸುರುಳಿಯ ಹೊರಮೈಯೂ ರೋಗಾಣುಗಳಿಂದ ಮುಕ್ತವಾಗುತ್ತದೆ. ಅನಂತರ ಒಲೆಯನ್ನು ಆರಿಸಿ, ಕೊಳವೆಗಳಿಗೆ ಎಡೆಗೊಡುವ ಕಚ್ಚುಗಳುಳ್ಳ ಮುಚ್ಚಳವನ್ನು ಮುಚ್ಚಿ, ಸಂದುಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು. ತಣ್ಣೀರಿನ ಡ್ರಮ್ಮನ್ನು ಪಾತ್ರೆಗಿಂತ ಒಂದು ಮೀಟರ್ ಎತ್ತರದ ಕಟ್ಟೆಯ ಮೇಲೆ ಇಟ್ಟರೆ ಪಂಪಿನ ಅವಶ್ಯಕತೆಯಿಲ್ಲ. ನಲ್ಲಿಯನ್ನು ತಿರುವಿ, ನಿಮಿಷಕ್ಕೆ ಒಂದು ಲೀಟರ್ ಹೊರಬೀಳುವಂತೆ ಹೊಂದಿಸಿಕೊಳ್ಳಬೇಕು.

ಸುರುಳಿಯನ್ನು ಪಾತ್ರೆಯ ತಳಕ್ಕೆ ಇಳಿಸಬಾರದು. ಅದರ ಮೇಲಿನ ಸುತ್ತು ನೀರಿನ ಮೇಲ್ಮೈಯಿಂದ ಎರಡು ಬೆರಳು ಕೆಳಗೆ ಇರುವಂತೆ ತೂಗುಬಿಡಬೇಕು. ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಬಿಸಿನೀರು ಮೇಲೇರಿ ಸುರುಳಿಯನ್ನು ಮುಟ್ಟುತ್ತದೆ. ಈ ಸಂವಹನವೇ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಸುರುಳಿ ತಳದಲ್ಲಿದ್ದರೆ ಕೆಳಗಿನ ನೀರು ತಣ್ಣಗಾಗಿ ಅಲ್ಲಿಯೇ ನಿಂತು, ಮೇಲಿನ ನೀರು ಬಿಸಿಯಾಗಿಯೇ ಉಳಿದೀತು.

ಮೊದಲು ಹೊರಬರುವ ನೀರು 80 ಡಿಗ್ರಿಯನ್ನು ಮೀರಿ ಬಿಸಿಯಾಗಿರುತ್ತದೆ, ಮಕ್ಕಳನ್ನು ದೂರವಿಡಬೇಕು. ನಾವು ಮೊದಲ ಸಲ ಸಾಮಾನ್ಯವಾದ ಪ್ಲಾಸ್ಟಿಕ್ ನಳಿಕೆಯನ್ನೇ ಸಿಕ್ಕಿಸಿದ್ದೆವು. ಅದು ಎರಡು ನಿಮಿಷದಲ್ಲಿ ಮೆತ್ತಗಾಗಿ ಜಾರಿ, ಬಿಸಿನೀರು ನಮ್ಮ ಪಾದದ ಮೇಲೆಯೇ ಬಿದ್ದಿತು. ಆ ಪಾಠವನ್ನು ವಾಚಕರು ಓದಿ ಕಲಿತರೆ ಸಾಕು, ಪ್ರಯೋಗದಿಂದ ಕಲಿಯಬೇಕಾಗಿಲ್ಲ.

ಮೂರು ಬಕೆಟ್ಟುಗಳ ಲೆಕ್ಕ

ಬರಗಾಲದ ನೆನಪುಳ್ಳ ಊರಿನವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತದೆ ಇರರು: “ಹತ್ತು ಲೀಟರ್ ನೀರನ್ನು ಆರಿಸಲು ಮತ್ತಷ್ಟು ನೀರನ್ನು ಚೆಲ್ಲುವುದೇ?” ಆಕ್ಷೇಪ ನ್ಯಾಯವಾದದ್ದು; ಅದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಕೊಡೋಣ.

ಮೇಲೆ ಹೇಳಿದ ಅಳತೆಯ ಸುರುಳಿಯಲ್ಲಿ ಉಷ್ಣತೆಯ ಅಂತರವನ್ನು ಒಮ್ಮೆ ಅರ್ಧಮಾಡಲು ಸುಮಾರು ಒಂಬತ್ತು ನಿಮಿಷಗಳೂ ಒಂಬತ್ತು ಲೀಟರ್ ತಣ್ಣೀರೂ ಬೇಕಾಗುತ್ತವೆ. ಪಾತ್ರೆಯ ಆಕಾರಕ್ಕೂ ಕಲಕುವ ರೀತಿಗೂ ತಕ್ಕಂತೆ ಒಂದೆರಡು ಲೀಟರ್ ವ್ಯತ್ಯಾಸವಾಗಬಹುದು. 28 ಡಿಗ್ರಿಯ ತಣ್ಣೀರಿನಿಂದ ಮೂರು ಸಲ ಅರ್ಧಿಸಿದರೆ ಪಾತ್ರೆಯ ನೀರು 98ರಿಂದ 63ಕ್ಕೂ, 63ರಿಂದ ನಲವತ್ತೈದೂವರೆಗೂ, ಅಲ್ಲಿಂದ ಸುಮಾರು 37ಕ್ಕೂ ಇಳಿಯುತ್ತದೆ. ಇಪ್ಪತ್ತೇಳು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂಬತ್ತು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು.

ಹೊರಬಂದ ನೀರನ್ನು ಒಂದೇ ಕಡೆ ಹಿಡಿಯದೆ, ಒಂಬತ್ತು ಒಂಬತ್ತು ಲೀಟರಿನಂತೆ ಮೂರು ಬಕೆಟ್ಟುಗಳಲ್ಲಿ ಹಿಡಿಯೋಣ. ಮೊದಲ ಬಕೆಟ್ಟಿನ ಅವಧಿಯಲ್ಲಿ ಪಾತ್ರೆಯು 35 ಡಿಗ್ರಿ ಇಳಿದು 350 ಕಿಲೊಕ್ಯಾಲೊರಿ ಶಾಖವನ್ನು ಕಳೆದುಕೊಂಡಿತು. ಅದು ಹೋದದ್ದೆಲ್ಲಿಗೆ? ಒಂಬತ್ತು ಲೀಟರ್ ನೀರಿಗೆ. ಆದುದರಿಂದ ಆ ನೀರು ಸುಮಾರು 39 ಡಿಗ್ರಿ ಏರಿ 67 ಡಿಗ್ರಿಯಲ್ಲಿರಬೇಕು. ಇದೇ ರೀತಿ ಎರಡನೆಯ ಬಕೆಟ್ಟು ಸುಮಾರು 47 ಡಿಗ್ರಿಯಲ್ಲಿಯೂ ಮೂರನೆಯದು 38 ಡಿಗ್ರಿಯಲ್ಲಿಯೂ ಇರುತ್ತವೆ. ಗಾಳಿಗೂ ಪಾತ್ರೆಗೂ ಹೋಗುವ ಅಲ್ಪ ಶಾಖವನ್ನು ಇಲ್ಲಿ ಬಿಟ್ಟಿದ್ದೇವೆ. ಕಳೆದುಕೊಂಡ ಶಾಖ ಪಡೆದ ಶಾಖಕ್ಕೆ ಸಮ ಎಂದು ಪಾಠದ ಪುಸ್ತಕದಲ್ಲಿ ಓದುವ ಸೂತ್ರ ಇಲ್ಲಿ ಮೂರು ಬಕೆಟ್ಟುಗಳಾಗಿ ಅಂಗಳದಲ್ಲಿ ನಿಂತಿರುತ್ತದೆ.

ಈಗ ಆ ನೀರನ್ನು ಏನು ಮಾಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಮೂರನೆಯ ಬಕೆಟ್ಟು ದನಗಳ ಬಾನಿಗೆ, ಇಲ್ಲವೆ ಆರಿದ ಮೇಲೆ ಮಲ್ಲಿಗೆಯ ಗಿಡಕ್ಕೆ. ಎರಡನೆಯದು ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ. ಮೊದಲನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು: ಅದನ್ನು ಮುಂದಿನ ಕುದಿಗೆ ಉಪಯೋಗಿಸಬೇಕು. ಹತ್ತು ಲೀಟರ್ ನೀರನ್ನು 28ರಿಂದ 98 ಡಿಗ್ರಿಗೆ ಏರಿಸಲು 700 ಕಿಲೊಕ್ಯಾಲೊರಿ ಬೇಕು. ಅದರಲ್ಲಿ ಒಂಬತ್ತು ಲೀಟರ್ 67 ಡಿಗ್ರಿಯಲ್ಲಿಯೇ ಇದ್ದರೆ ಸುಮಾರು 350 ಸಾಕು. ಅರ್ಧದಷ್ಟು ಉರುವಲು ಉಳಿಯಿತು! ವಿದ್ಯಾರ್ಥಿನಿಲಯದಲ್ಲಿಯೋ ಜಾತ್ರೆಯ ಅರವಟ್ಟಿಗೆಯಲ್ಲಿಯೋ ಒಂದರ ಹಿಂದೆ ಒಂದು ಪಾತ್ರೆಯನ್ನು ಕಾಯಿಸಬೇಕಾದಾಗ ಇದು ಚಿಕ್ಕ ಉಳಿತಾಯವಲ್ಲ. ದೊಡ್ಡ ಹಾಲಿನ ಡೈರಿಗಳಲ್ಲಿ ಕಾಯ್ದ ಹಾಲಿನ ಶಾಖವನ್ನು ಒಳಬರುವ ತಣ್ಣನೆಯ ಹಾಲಿಗೆ ಕೊಡುವ ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ತಡೆ ಇರುವುದೆಲ್ಲಿ?

ತಾಮ್ರವೇ ಏಕೆ ಎಂದು ಕೇಳಿದರೆ, ಅದು ಉತ್ತಮ ಶಾಖವಾಹಕವೆಂದು ಹೈಸ್ಕೂಲಿನ ಹುಡುಗನೂ ಹೇಳುತ್ತಾನೆ. ಉತ್ತರ ನಿಜ, ಆದರೆ ಪೂರ್ಣವಲ್ಲ. ತಾಮ್ರವು ನಿಶ್ಚಲವಾದ ನೀರಿಗಿಂತ ಆರುನೂರು ಪಾಲಿಗೂ ಮಿಗಿಲಾದ ವಾಹಕ. ಕೊಳವೆಯ ಗೋಡೆಯಾದರೋ ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಆದರೆ ಗೋಡೆಗೆ ಅಂಟಿದಂತೆ ಒಳಗೂ ಹೊರಗೂ ಚಲಿಸದ ನೀರಿನ ತೆಳುವಾದ ಪೊರೆಯೊಂದು ಇರುತ್ತದೆ. ಅಂಥ ಪೊರೆ ಒಂದೇ ಮಿಲಿಮೀಟರ್ ದಪ್ಪವಿದ್ದರೂ ಅದು ಅರ್ಧ ಮೀಟರಿಗಿಂತ ದಪ್ಪವಾದ ತಾಮ್ರದ ಗೋಡೆಯಷ್ಟೇ ತಡೆಯನ್ನು ಒಡ್ಡುತ್ತದೆ! ಎಂದರೆ ಶಾಖವನ್ನು ತಡೆಯುತ್ತಿರುವುದು ಲೋಹವಲ್ಲ, ನೀರೇ.

ಇದನ್ನು ತಿಳಿದವನು ದಪ್ಪ ಕೊಳವೆಯೋ ತೆಳು ಕೊಳವೆಯೋ ಎಂದು ಚರ್ಚಿಸುತ್ತ ಕೂರುವುದಿಲ್ಲ, ಪೊರೆಯನ್ನು ಒಡೆಯುತ್ತಾನೆ. ಮುಚ್ಚಳವನ್ನು ತೆಗೆಯದೆ, ಹೊರಬಂದ ಎರಡು ಕೊಳವೆಗಳನ್ನೂ ಬಟ್ಟೆಯಿಂದ ಹಿಡಿದು ಸುರುಳಿಯನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಸಾಕು. ಥರ್ಮಾಮೀಟರ್ ಇದ್ದವರು ಒಮ್ಮೆ ಆಡಿಸದೆಯೂ ಒಮ್ಮೆ ಆಡಿಸುತ್ತಲೂ ಅರ್ಧಿಸುವ ಕಾಲವನ್ನು ಅಳೆದರೆ ವ್ಯತ್ಯಾಸವನ್ನು ಕಣ್ಣಾರೆ ಕಾಣುವರು. ತಾಮ್ರವನ್ನು ಆರಿಸಲು ಮುಖ್ಯವಾದ ಕಾರಣ ಅದು ಕೈಯಿಂದಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂಬುದು. ಸ್ಟೀಲಿನ ಸುರುಳಿ ದೊರೆತರೆ ಅದೂ ಹೆಚ್ಚು ಹಿಂದೆ ಬೀಳದು.

ಎಚ್ಚರಿಕೆಯ ಮಾತುಗಳು

ಹುಣಸೆಹಣ್ಣಿನಿಂದ ತಾಮ್ರ ಥಳಥಳಿಸುವುದು ಏಕೆ? ಹುಳಿಯು ತಾಮ್ರದ ಮೇಲಣ ಮಾಲಿನ್ಯವನ್ನು ಕರಗಿಸಿಕೊಳ್ಳುವುದರಿಂದ. ಆದುದರಿಂದಲೇ ಮಜ್ಜಿಗೆ, ಸಾರು, ಹಣ್ಣಿನ ರಸ ಮುಂತಾದ ಹುಳಿಪದಾರ್ಥಗಳಲ್ಲಿ ಈ ಸುರುಳಿಯನ್ನು ಅದ್ದಲೇಬಾರದು. ಕರಗಿದ ತಾಮ್ರ ಹೊಟ್ಟೆಗೆ ಹಿತವಲ್ಲ. ನಮ್ಮ ಹಿರಿಯರು ತಾಮ್ರ ಹಿತ್ತಾಳೆಗಳ ಅಡಿಗೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದು ಇದೇ ಕಾರಣಕ್ಕಾಗಿ. ಹಾಲಿಗೂ ಇದು ಬೇಡ. ತಾಮ್ರದ ಸೋಂಕಿನಿಂದ ಹಾಲಿನ ಕೊಬ್ಬು ಬೇಗ ಕೆಟ್ಟು ವಾಸನೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಮಿನವರೆಗೆ ತಾಮ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅರ್ಧ ಗಂಟೆಯ ಸಂಪರ್ಕದಿಂದ ಭಯವಿಲ್ಲ. ಆದರೂ ನೀರು ಆರಿದ ಕೂಡಲೆ ಸುರುಳಿಯನ್ನು ಹೊರತೆಗೆದು, ಒಳಗಿನ ನೀರನ್ನು ಊದಿ ತೆಗೆದು, ಒರೆಸಿ ಒಣಗಿಸಿ ಇಡಬೇಕು. ಹಸುರು ಕಿಲುಬು ಕಂಡರೆ ಅದನ್ನು ಉಜ್ಜಿ ತೆಗೆಯದೆ ಬಳಸಬಾರದು.

ಇನ್ನೊಂದು ಮಾತನ್ನು ನಮ್ಮ ಭಾಗದವರು ಮುಖ್ಯವಾಗಿ ನೆನಪಿಡಬೇಕು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದುದರಲ್ಲಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಊರುಗಳಲ್ಲಿ ಅದಕ್ಕೆ ತಕ್ಕ ಶುದ್ಧೀಕರಣವೇ ಬೇಕು. ನಮ್ಮ ಸುರುಳಿ ಅದರ ಬದಲಿಯಲ್ಲ.

ಕೊನೆಯದಾಗಿ, ಸುರುಳಿಯು ತನ್ನೊಳಗೆ ಹರಿಯುವ ನೀರಿನ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಅಲ್ಲಿಂದ ಮುಂದಿನ ಕೆಲಸವನ್ನು ನಮ್ಮ ಅಜ್ಜಿಯರ ಹರವಿಗೆ ಒಪ್ಪಿಸಬೇಕು. ಮಣ್ಣಿನ ಮೈಯಿಂದ ನೀರು ಒಸರಿ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಬೇಸಗೆಯ ಒಣಗಾಳಿ, ದೂರುವುದಕ್ಕೆ ನಮಗೆ ಎಷ್ಟೇ ಕಾರಣಗಳನ್ನು ಕೊಟ್ಟಿದ್ದರೂ, ಹರವಿಗೆ ಮಾತ್ರ ಉತ್ತಮ ಮಿತ್ರ. ಕುದಿನೀರಿನಿಂದ ತೊಳೆದ ಹರವಿಗೆ ಆರಿದ ನೀರನ್ನು ಸುರಿದು, ಮುಚ್ಚಿ, ಉದ್ದನೆಯ ಹಿಡಿಯ ಸೌಟಿನಿಂದಲೇ ತೆಗೆಯಬೇಕು. ಕುದಿನೀರನ್ನೇ ನೇರವಾಗಿ ಹರವಿಗೆ ಸುರಿದರೆ ಅದು ಬಿರಿದೀತು. ಒಲೆಗೂ ಹರವಿಗೂ ನಡುವಣ ಈ ದೂರವನ್ನು ದಾಟಿಸುವುದೇ ಸುರುಳಿಯ ಉಪಕಾರ.

ಮಾಡಿ ನೋಡಿ

1. ಪ್ರತಿ ಮೂರು ನಿಮಿಷಕ್ಕೊಮ್ಮೆ ಪಾತ್ರೆಯ ಉಷ್ಣತೆಯನ್ನು ಬರೆದು ನಕ್ಷೆಯನ್ನು ಎಳೆಯಿರಿ. ಅಂತರ ಅರ್ಧವಾಗಲು ಪ್ರತಿ ಸಲವೂ ಅಷ್ಟೇ ಕಾಲ ಬೇಕಾಯಿತೇ? ಇಲ್ಲವಾದರೆ ಏಕೆ?

2. ತಣ್ಣೀರಿನ ಹರಿವನ್ನು ನಿಮಿಷಕ್ಕೆ ಎರಡು ಲೀಟರಿಗೆ ಏರಿಸಿರಿ. ಕಾಲ ಕಡಮೆಯಾಗುತ್ತದೆ, ಆದರೆ ಅರ್ಧವಾಗುವುದಿಲ್ಲ. ಬೇಕಾದ ತಣ್ಣೀರಿನ ಮೊತ್ತ ಏನಾಗುತ್ತದೆ?

3. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಯೋಚಿಸಲಿ: ಸುರುಳಿ ಎಷ್ಟೇ ಉದ್ದವಾಗಿದ್ದರೂ ಹತ್ತು ಲೀಟರಿನ ಅಂತರವನ್ನು ಒಮ್ಮೆ ಅರ್ಧಿಸಲು ಏಳು ಲೀಟರಿಗೆ ತುಸು ಕಡಮೆಯಾದರೂ ತಣ್ಣೀರು ಬೇಕೇ ಬೇಕು. ಇದನ್ನು ಗಣಿತದಿಂದ ತೋರಿಸಿರಿ.

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತಿರುವಾಗಲೇ, ಪಾತ್ರೆಯ ನೀರು ಕುಡಿಯುವ ಹದಕ್ಕೆ ಬಂದಿರುತ್ತದೆ.